ತಂತಿಯ ಮೇಲಿನ ಅಂಕಿ

ವಿದ್ಯುತ್ ಸಾಮಾನಿನ ಅಂಗಡಿಗೆ ಹೋಗಿ ಯಾರಾದರೂ ‘ತಂತಿ ಬೇಕು’ ಎಂದರೆ, ಅಂಗಡಿಯವರು ಸುರುಳಿಗೆ ಕೈಹಾಕುವ ಮೊದಲು ‘ಯಾವ ತಂತಿ?’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಬರುವ ಉತ್ತರ ಒಂದೇ ಬಗೆಯದಲ್ಲ. ವಯಸ್ಸಾದ ಮೇಸ್ತ್ರಿ ‘ಏಳು ಇಪ್ಪತ್ತು ಕೊಡಿ’ ಎನ್ನುತ್ತಾನೆ. ಈಚೆಗೆ ಕೆಲಸ ಕಲಿತ ತರುಣ ‘ನಾಲ್ಕು ಎಂ.ಎಂ.’ ಎನ್ನುತ್ತಾನೆ. ಅಮೆರಿಕದಿಂದ ತರಿಸಿದ ಯಂತ್ರವೊಂದರ ಜೊತೆಯಲ್ಲಿ ಬಂದ ಕೈಪಿಡಿಯಲ್ಲಿ ‘ಹನ್ನೆರಡನೆಯ ಗೇಜಿನ ತಂತಿಯನ್ನು ಬಳಸತಕ್ಕದ್ದು’ ಎಂದು ಅಚ್ಚಾಗಿರುತ್ತದೆ. ಮೂರು ಮಾತುಗಳೂ ಹೇಳುವುದು ತಾಮ್ರದ ತಂತಿಯ ದಪ್ಪವನ್ನೇ. ಆದರೆ ಏಳು ಇಪ್ಪತ್ತು, ನಾಲ್ಕು, ಹನ್ನೆರಡು ಇವುಗಳಲ್ಲಿ ದೊಡ್ಡದು ಯಾವುದು, ಚಿಕ್ಕದು ಯಾವುದು? ಅಂಕಿಗಳನ್ನಷ್ಟೇ ನೋಡಿ ತೀರ್ಮಾನಿಸಿದವನು ಮೋಸಹೋಗುತ್ತಾನೆ. ಆ ಮೋಸಕ್ಕೆ ತೆರಬೇಕಾದ ಬೆಲೆ ಕೇವಲ ಹಣವಾಗಿದ್ದರೆ ಚಿಂತೆಯಿರಲಿಲ್ಲ. ಒಮ್ಮೊಮ್ಮೆ ಅದು ಗೋಡೆಯ ಒಳಗೆ ಸದ್ದಿಲ್ಲದೆ ಹುಟ್ಟುವ ಬೆಂಕಿಯ ರೂಪದಲ್ಲಿ ಬರುತ್ತದೆ.

ತಂತಿಯ ದಪ್ಪಕ್ಕೆ ಇಷ್ಟು ಮಹತ್ವ ಏಕೆಂಬುದನ್ನು ಮೊದಲು ತಿಳಿಯಬೇಕು. ವಿದ್ಯುತ್ತು ಹರಿಯುವಾಗ ಪ್ರತಿಯೊಂದು ತಂತಿಯೂ ಅದನ್ನು ಅಷ್ಟಿಷ್ಟು ತಡೆಯುತ್ತದೆ. ಈ ತಡೆಯೇ ರೋಧ. ತಂತಿ ಉದ್ದವಾದಷ್ಟೂ ರೋಧ ಹೆಚ್ಚುತ್ತದೆ, ದಪ್ಪವಾದಷ್ಟೂ ಕುಗ್ಗುತ್ತದೆ. ಇಲ್ಲಿ ದಪ್ಪವೆಂದರೆ ವ್ಯಾಸವಲ್ಲ. ಸೌತೆಕಾಯಿಯನ್ನು ಅಡ್ಡಲಾಗಿ ಕೊಯ್ದಾಗ ದುಂಡನೆಯ ಬಿಲ್ಲೆ ಕಾಣುವಂತೆ, ತಂತಿಯನ್ನು ಅಡ್ಡಲಾಗಿ ಕತ್ತರಿಸಿದಾಗಲೂ ಒಂದು ಪುಟ್ಟ ವೃತ್ತ ಕಾಣುತ್ತದೆ. ಆ ವೃತ್ತದ ಕ್ಷೇತ್ರಫಲವೇ ವಿದ್ಯುತ್ತಿಗೆ ದೊರೆಯುವ ದಾರಿಯ ಅಗಲ. ಒಂದು ಮೀಟರ್ ಉದ್ದದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಗೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 0.0172 ಓಮ್ ರೋಧವಿರುತ್ತದೆ. ಈ ಒಂದು ಸಂಖ್ಯೆ ಗೊತ್ತಿದ್ದರೆ ಸಾಕು, ಬಹಳಷ್ಟು ಲೆಕ್ಕಗಳನ್ನು ಮಾಡಬಹುದು.

230 ವೋಲ್ಟ್ ಒತ್ತಡದ ಮನೆಯೊಂದರಲ್ಲಿ 2,300 ವಾಟಿನ ನೀರು ಕಾಯಿಸುವ ಉಪಕರಣ ಇದೆಯೆಂದು ಇಟ್ಟುಕೊಳ್ಳೋಣ. ಅದಕ್ಕೆ 10 ಆಂಪಿಯರ್ ಪ್ರವಾಹ ಬೇಕು. ಮೀಟರಿನ ಹಲಗೆಯಿಂದ ಬಚ್ಚಲುಮನೆಗೆ 20 ಮೀಟರ್ ದೂರ. ಹೋಗಲು ಒಂದು ತಂತಿ, ಮರಳಲು ಇನ್ನೊಂದು, ಒಟ್ಟು 40 ಮೀಟರ್. ಒಂದು ಚದರ ಮಿಲಿಮೀಟರ್ ತಂತಿಯನ್ನು ಎಳೆದರೆ ಅದರ ರೋಧ 40ನ್ನು 0.0172ರಿಂದ ಗುಣಿಸಿದಷ್ಟು, ಅಂದರೆ ಸುಮಾರು 0.69 ಓಮ್. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟಿರುತ್ತದೆ. ಇದು ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದ ನಿಯಮ. ಅದರಂತೆ ಇಲ್ಲಿ ಹುಟ್ಟುವ ಉಷ್ಣ 69 ವಾಟ್. ನೀರು ಕಾಯಿಸಲು ಬಾರದ ಈ ಉಷ್ಣವು ಗೋಡೆಯೊಳಗಿನ ಕೊಳವೆಯಲ್ಲಿ ವ್ಯರ್ಥವಾಗಿ ಕೂಡಿಕೊಳ್ಳುತ್ತದೆ. ಅದೇ ಜಾಗದಲ್ಲಿ ನಾಲ್ಕು ಚದರ ಮಿಲಿಮೀಟರ್ ತಂತಿ ಹಾಕಿದ್ದರೆ ವ್ಯರ್ಥವಾಗುವುದು 17 ವಾಟ್ ಮಾತ್ರ. ಇನ್ನು, ತೆಳುವಾದ ಅದೇ ತಂತಿಗೆ ಮತ್ತೊಂದು ಅಂಥದೇ ಉಪಕರಣವನ್ನು ಜೋಡಿಸಿದರೇನು? ಪ್ರವಾಹ ಎರಡು ಪಟ್ಟಾಗುತ್ತದೆ. ಉಷ್ಣ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಿ 275 ವಾಟನ್ನು ಮುಟ್ಟುತ್ತದೆ. ಮನೆಗಳಲ್ಲಿ ಬಳಸುವ ಸಾಮಾನ್ಯ ಪಿ.ವಿ.ಸಿ. ಹೊದಿಕೆಯ ತಂತಿಯು 70 ಡಿಗ್ರಿಯವರೆಗಿನ ಬಿಸಿಯನ್ನು ತಾಳುವಂತೆ ತಯಾರಾಗಿರುತ್ತದೆ. ಆ ಮಿತಿಯನ್ನು ದಿನವೂ ಮೀರುತ್ತಿದ್ದರೆ ಹೊದಿಕೆ ಮೊದಲು ಬಿರುಸಾಗುತ್ತದೆ, ಬಳಿಕ ಬಿರುಕುಬಿಡುತ್ತದೆ, ಕೊನೆಗೆ ಎರಡು ತಂತಿಗಳು ಒಂದನ್ನೊಂದು ಮುಟ್ಟುತ್ತವೆ.

ಹೀಗೆ ನಿಜವಾಗಿ ಬೇಕಾದದ್ದು ಕ್ಷೇತ್ರಫಲ. ಆದರೆ ತಂತಿಗೆ ಅಂಕಿಯಿಟ್ಟವರು ವಿದ್ಯುತ್ತನ್ನು ಕಂಡವರಲ್ಲ. ವಿದ್ಯುದ್ದೀಪ ಬೆಳಗುವುದಕ್ಕೆ ಬಹುಕಾಲ ಮುಂಚೆ ಕಬ್ಬಿಣ, ಹಿತ್ತಾಳೆಗಳ ತಂತಿಯನ್ನು ಎಳೆಯುತ್ತಿದ್ದ ಕುಶಲಕರ್ಮಿಗಳು. ಅಕ್ಕಸಾಲಿಗರು ಚಿನ್ನದ ತಂತಿಯನ್ನು ತಯಾರಿಸುವುದನ್ನು ಕಂಡವರಿಗೆ ಈ ಕೆಲಸದ ರೀತಿ ಪರಿಚಿತವೇ. ಸಾಲಾಗಿ ತೂತುಗಳಿರುವ ಉಕ್ಕಿನ ಫಲಕವೊಂದಿರುತ್ತದೆ. ಮೊದಲ ತೂತು ದೊಡ್ಡದು, ಮುಂದಿನದು ಅದಕ್ಕಿಂತ ಕಿರಿದು, ಅದರ ಮುಂದಿನದು ಇನ್ನೂ ಕಿರಿದು. ಲೋಹದ ಸರಳನ್ನು ಮೊದಲ ತೂತಿನಲ್ಲಿ ತೂರಿಸಿ ಇಕ್ಕಳದಿಂದ ಎಳೆದರೆ ಅದು ತುಸು ಸಣ್ಣಗಾಗಿ, ಉದ್ದವಾಗಿ ಹೊರಬರುತ್ತದೆ. ಅದನ್ನೇ ಎರಡನೆಯದರಲ್ಲಿ, ಮೂರನೆಯದರಲ್ಲಿ ಎಳೆಯುತ್ತ ಹೋಗಬೇಕು. ಹತ್ತು ತೂತುಗಳನ್ನು ದಾಟಿದ ತಂತಿ ಹತ್ತನೆಯದು, ಇಪ್ಪತ್ತು ದಾಟಿದ್ದು ಇಪ್ಪತ್ತನೆಯದು. ಅಂಕಿ ಏರಿದಂತೆಲ್ಲ ತಂತಿ ತೆಳುವಾಗುವ ವಿಚಿತ್ರಕ್ಕೆ ಕಾರಣ ಇದು. ಗೇಜಿನ ಅಂಕಿಯು ಮೂಲತಃ ಒಂದು ಅಳತೆಯೇ ಅಲ್ಲ, ಪಟ್ಟ ಶ್ರಮದ ಎಣಿಕೆ ಎನ್ನಬೇಕು.

ಎಣಿಕೆ ಎಂದ ಮೇಲೆ ಅದು ಎಲ್ಲೆಡೆ ಒಂದೇ ಆಗಿರಲು ಸಾಧ್ಯವಿಲ್ಲ. ಹಿಂದೆ ನಮ್ಮ ನಾಡಿನಲ್ಲಿ ಊರಿಗೊಂದು ಸೇರು, ಸಂತೆಗೊಂದು ಮಣ ಇದ್ದಂತೆ ಇಂಗ್ಲೆಂಡಿನಲ್ಲಿಯೂ ಕಾರ್ಖಾನೆಗೊಂದು ಗೇಜು ಇತ್ತು. ಬರ್ಮಿಂಗ್‌ಹ್ಯಾಮ್ ನಗರದ ಹೆಸರಿನ ಗೇಜು ಹೆಸರುವಾಸಿಯಾಗಿದ್ದರೂ ಆ ಹೆಸರಿನಡಿಯಲ್ಲಿಯೇ ಬೇರೆಬೇರೆ ಅಳತೆಗಳು ನಡೆಯುತ್ತಿದ್ದವು. ತಂತಿವಾರ್ತೆಯ ಯುಗ ಬಂದು, ಸಾವಿರಾರು ಮೈಲಿ ತಂತಿಯನ್ನು ಕರಾರಿನ ಮೇಲೆ ಕೊಳ್ಳಬೇಕಾಗಿ ಬಂದಾಗ ಈ ಗೊಂದಲವನ್ನು ಸಹಿಸುವುದು ಕಷ್ಟವಾಯಿತು. ಕೊನೆಗೆ ಬ್ರಿಟಿಷ್ ಸರ್ಕಾರ ಒಂದೇ ಪಟ್ಟಿಯನ್ನು ಶಾಸನಬದ್ಧಗೊಳಿಸಿತು. 1884ರ ಮಾರ್ಚ್ 1ರಿಂದ ಅದು ಜಾರಿಗೆ ಬಂತು. ಇದೇ ಸ್ಟ್ಯಾಂಡರ್ಡ್ ವೈರ್ ಗೇಜು, ಚಿಕ್ಕದಾಗಿ ಎಸ್.ಡಬ್ಲ್ಯು.ಜಿ. ಇದರಲ್ಲಿ ಅತ್ಯಂತ ದಪ್ಪನೆಯ ತಂತಿಯ ವ್ಯಾಸ ಅರ್ಧ ಅಂಗುಲ, ಐವತ್ತನೆಯ ತಂತಿಯ ವ್ಯಾಸ ಅಂಗುಲದ ಸಾವಿರದಲ್ಲೊಂದು ಭಾಗ. ನಡುವಿನ ಮೆಟ್ಟಿಲುಗಳು ಒಂದೇ ಸೂತ್ರಕ್ಕೆ ಸಿಕ್ಕುವುದಿಲ್ಲ. ಯಾವ ಅಂಕಿಗೆ ಎಷ್ಟು ವ್ಯಾಸವೆಂಬುದನ್ನು ಪಟ್ಟಿ ನೋಡಿಯೇ ತಿಳಿಯಬೇಕು.

ಅಮೆರಿಕದವರು ಇದಕ್ಕೆ ಮುಂಚೆಯೇ, 1857ರಲ್ಲಿ, ತಮ್ಮದೇ ದಾರಿ ಹಿಡಿದಿದ್ದರು. ಪ್ರಾವಿಡೆನ್ಸ್ ನಗರದ ಬ್ರೌನ್ ಅಂಡ್ ಷಾರ್ಪ್ ಎಂಬ ಉಪಕರಣ ತಯಾರಕರು ರೂಪಿಸಿದ ಆ ಗೇಜಿನಲ್ಲಿ ಗಣಿತದ ಅಂದವಿದೆ. ನಾಲ್ಕು ಸೊನ್ನೆಗಳ ಗುರುತಿನ ತಂತಿಗೆ 0.46 ಅಂಗುಲ, ಮೂವತ್ತಾರನೆಯ ತಂತಿಗೆ 0.005 ಅಂಗುಲ ವ್ಯಾಸವೆಂದು ನಿಶ್ಚಯಿಸಿ, ಇವೆರಡರ ನಡುವೆ 39 ಮೆಟ್ಟಿಲುಗಳನ್ನು ಒಂದೇ ಅನುಪಾತದಲ್ಲಿ ಇಟ್ಟರು. ಗುಣೋತ್ತರ ಶ್ರೇಢಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪ್ರತಿಯೊಂದು ಮೆಟ್ಟಿಲಿನಲ್ಲಿ ವ್ಯಾಸವು ಮುಂದಿನದರ 1.123 ಪಟ್ಟು ಇರುತ್ತದೆ. ಇದರ ಫಲವಾಗಿ ಆರು ಮೆಟ್ಟಿಲು ಇಳಿದರೆ ವ್ಯಾಸ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮೂರೇ ಮೆಟ್ಟಿಲು ಇಳಿದರೆ ಕ್ಷೇತ್ರಫಲ ಅರ್ಧವಾಗುತ್ತದೆ. ಹನ್ನೆರಡನೆಯ ತಂತಿಯ ಅರ್ಧದಷ್ಟು ತಾಮ್ರ ಹದಿನೈದನೆಯದರಲ್ಲಿ ಇರುತ್ತದೆ ಎಂದು ಪಟ್ಟಿಯ ಸಹಾಯವಿಲ್ಲದೆಯೇ ಹೇಳಬಹುದು. ಇದೇ ಎ.ಡಬ್ಲ್ಯು.ಜಿ. ಎಂಬ ಅಮೆರಿಕನ್ ಗೇಜು. ಅಮೆರಿಕದಲ್ಲಿ ಇಂದಿಗೂ ತಂತಿ ಮಾರಾಟವಾಗುವುದು ಈ ಅಂಕಿಗಳಲ್ಲಿಯೇ.

ಎರಡು ಗೇಜುಗಳೂ ಪುಸ್ತಕದೊಳಗೆ ಇರುವವರೆಗೆ ತೊಂದರೆಯಿಲ್ಲ. ಅಂಗಡಿಯ ಮೇಜಿನ ಮೇಲೆ ಎರಡೂ ಸೇರಿದಾಗ ಅಪಾಯ ಆರಂಭವಾಗುತ್ತದೆ. ಬ್ರಿಟಿಷ್ ಗೇಜಿನ ಹನ್ನೆರಡನೆಯ ತಂತಿಯ ವ್ಯಾಸ 2.64 ಮಿಲಿಮೀಟರ್, ಅಮೆರಿಕನ್ ಗೇಜಿನ ಹನ್ನೆರಡನೆಯದು 2.05 ಮಿಲಿಮೀಟರ್. ವ್ಯಾಸದಲ್ಲಿ ಕಾಣುವ ಅಂತರ ಅಲ್ಪವೆಂದು ತೋರಬಹುದು. ಕ್ಷೇತ್ರಫಲವನ್ನು ತೆಗೆದುನೋಡಿದರೆ ಮೊದಲನೆಯದು 5.48, ಎರಡನೆಯದು 3.31 ಚದರ ಮಿಲಿಮೀಟರ್. ಒಂದೇ ಅಂಕಿಯನ್ನು ಹೇಳಿ ಕೊಂಡ ತಂತಿಯಲ್ಲಿ ನೂರಕ್ಕೆ ನಲವತ್ತು ಪಾಲು ತಾಮ್ರವೇ ಇಲ್ಲ! ಅಮೆರಿಕದ ಹನ್ನೆರಡಕ್ಕೆ ಸಮೀಪದ ಜೊತೆಗಾರನನ್ನು ಹುಡುಕಿದರೆ ಅದು ಬ್ರಿಟಿಷ್ ಪಟ್ಟಿಯ ಹದಿನಾಲ್ಕು; ಅದರ ಕ್ಷೇತ್ರಫಲ 3.24. ಆದುದರಿಂದ ಒಂದು ಗೇಜಿನ ಅಂಕಿಯಿಂದ ಇನ್ನೊಂದು ಗೇಜಿನ ಅಂಕಿಗೆ ನೇರವಾಗಿ ಜಿಗಿಯಬಾರದು. ಅಂಕಿಯಿಂದ ವ್ಯಾಸಕ್ಕೆ, ವ್ಯಾಸದಿಂದ ಕ್ಷೇತ್ರಫಲಕ್ಕೆ ಇಳಿದು, ಅಲ್ಲಿಂದ ಬೇಕಾದ ಪದ್ಧತಿಗೆ ಏರಬೇಕು. ಸುತ್ತುದಾರಿಯಾದರೂ ಕ್ಷೇಮವಾದ ದಾರಿ ಇದೊಂದೇ.

ಈಗ ಮೇಸ್ತ್ರಿಯ ‘ಏಳು ಇಪ್ಪತ್ತ’ನ್ನು ನೋಡಬಹುದು. ಹಳೆಯ ಪಟ್ಟಿಗಳಲ್ಲಿ ಇದನ್ನು 7/20 ಎಂದು ಬರೆಯುತ್ತಿದ್ದರು. ಗಣಿತದ ಪುಸ್ತಕ ಓದಿದ ಬಾಲಕ ಇದನ್ನು ಭಿನ್ನರಾಶಿಯೆಂದು ತಿಳಿದರೆ ಅವನ ತಪ್ಪಲ್ಲ. ಆದರೆ ಇದು ಭಿನ್ನರಾಶಿಯಲ್ಲ. ಇಪ್ಪತ್ತನೆಯ ಎಸ್.ಡಬ್ಲ್ಯು.ಜಿ. ತಂತಿಯ ಏಳು ಎಳೆಗಳನ್ನು ಹುರಿಮಾಡಿದ್ದು ಎಂದು ಇದರ ಅರ್ಥ. ಹಾಗೆಯೇ 3/22 ಎಂದರೆ ಇಪ್ಪತ್ತೆರಡನೆಯ ತಂತಿಯ ಮೂರು ಎಳೆಗಳು, 1/18 ಎಂದರೆ ಹದಿನೆಂಟನೆಯ ತಂತಿಯ ಒಂಟಿ ಎಳೆ. ಈ ಕೊನೆಯ ಎರಡನ್ನು ಹೋಲಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. 1/18ರ ಕ್ಷೇತ್ರಫಲ 1.17, 3/22ರದು 1.19 ಚದರ ಮಿಲಿಮೀಟರ್. ತಾಮ್ರ ಸರಿಸಮ. ಹಾಗಿದ್ದರೆ ಮೂರು ಎಳೆಗಳ ಗೋಜು ಏಕೆ? ಒಂಟಿ ಎಳೆಯನ್ನು ನಾಲ್ಕಾರು ಬಾರಿ ಬಗ್ಗಿಸಿದರೆ ಅದು ಮುರಿಯುತ್ತದೆ. ಹುರಿಮಾಡಿದ ಸಣ್ಣ ಎಳೆಗಳು ಬಾಗುತ್ತವೆಯೇ ಹೊರತು ಬೇಗ ಮುರಿಯುವುದಿಲ್ಲ. ಏಳರ ಸಂಖ್ಯೆಯೂ ಯಾರದೋ ಇಷ್ಟದಿಂದ ಬಂದುದಲ್ಲ. ಒಂದು ರೂಪಾಯಿಯ ನಾಣ್ಯವನ್ನು ಮೇಜಿನ ಮೇಲಿಟ್ಟು ಅದರ ಸುತ್ತ ಅದೇ ಬಗೆಯ ನಾಣ್ಯಗಳನ್ನು ಒತ್ತಾಗಿ ಜೋಡಿಸಿದರೆ ಸರಿಯಾಗಿ ಆರು ಹಿಡಿಯುತ್ತವೆ. ಏಳನೆಯದಕ್ಕೆ ಎಡೆಯಿಲ್ಲ, ಐದಕ್ಕೆ ನಿಲ್ಲಿಸಿದರೆ ಬಿಡುವು ಉಳಿಯುತ್ತದೆ. ನಡುವಿನದೂ ಸೇರಿ ಏಳು. ಅದರ ಹೊರಗೆ ಇನ್ನೊಂದು ಸುತ್ತು ಕಟ್ಟಿದರೆ ಹನ್ನೆರಡು ಸೇರಿ ಹತ್ತೊಂಬತ್ತು. ದೊಡ್ಡ ತಂತಿಹಗ್ಗಗಳಲ್ಲಿ 7, 19, 37 ಎಂಬ ಎಳೆಗಳ ಸಂಖ್ಯೆ ಮತ್ತೆ ಮತ್ತೆ ಬರುವುದು ಈ ರೇಖಾಗಣಿತದಿಂದಲೇ.

ಭಾರತದಲ್ಲಿ ತೂಕ ಮತ್ತು ಅಳತೆಗಳ ಮಾನಕಗಳ ಕಾಯಿದೆ 1956ರಲ್ಲಿ ಆಯಿತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಳಕೆಗೆ ಬಂತು. ಸೇರು, ಮಣ, ಗಜಗಳು ಅಂಗಡಿಯಿಂದ ಹಿಂದೆಗೆದವು. ತಂತಿಯೂ ಕಾಲಕ್ರಮದಲ್ಲಿ ಚದರ ಮಿಲಿಮೀಟರಿಗೆ ತಿರುಗಿತು. ಈಗ ಹೊದಿಕೆಯ ಮೇಲೆ ಅಚ್ಚಾಗಿರುವುದು 1, 1.5, 2.5, 4, 6, 10 ಎಂಬ ಅಂಕಿಗಳು. ಈ ಸಾಲಿಗೆ ಒಂದು ದೊಡ್ಡ ಗುಣವಿದೆ: ಅಂಕಿ ದೊಡ್ಡದಾದರೆ ತಂತಿಯೂ ದಪ್ಪ. ಐದು ಮೆಟ್ಟಿಲು ಏರಿದರೆ ತಾಮ್ರ ಹತ್ತು ಪಟ್ಟು. ಹೇಳುವ ಅಂಕಿಯೇ ಬೇಕಾದ ಕ್ಷೇತ್ರಫಲ. ನಡುವೆ ಪಟ್ಟಿಯೂ ಇಲ್ಲ, ಗುಟ್ಟೂ ಇಲ್ಲ. ಹೀಗಿದ್ದೂ ಹಳೆಯ ಮಾತು ಅಷ್ಟು ಬೇಗ ಸಾಯುವುದಿಲ್ಲ. ಹಳೆಯ ಕಟ್ಟಡಗಳ ಗೋಡೆಗಳಲ್ಲಿ ಆ ತಂತಿಗಳು, ಹಳೆಯ ಮೇಸ್ತ್ರಿಗಳ ಬಾಯಲ್ಲಿ ಆ ಅಂಕಿಗಳು ಉಳಿದುಕೊಂಡಿವೆ. ಆದುದರಿಂದ ಪರಿವರ್ತನೆಯ ಲೆಕ್ಕ ಬಾರದೆ ವಿಧಿಯಿಲ್ಲ.

ಲೆಕ್ಕ ಕಠಿಣವಾದುದಲ್ಲ. ಇಪ್ಪತ್ತನೆಯ ಎಸ್.ಡಬ್ಲ್ಯು.ಜಿ. ತಂತಿಯ ವ್ಯಾಸ 0.036 ಅಂಗುಲವೆಂದು ಪಟ್ಟಿ ಹೇಳುತ್ತದೆ. ಒಂದು ಅಂಗುಲಕ್ಕೆ 25.4 ಮಿಲಿಮೀಟರ್, ಗುಣಿಸಿದರೆ 0.914 ಮಿಲಿಮೀಟರ್. ಇದರ ಅರ್ಧ, ಅಂದರೆ ತ್ರಿಜ್ಯ, 0.457. ಅದರ ವರ್ಗ 0.209. ಇದನ್ನು 3.14ರಿಂದ ಗುಣಿಸಿದರೆ ಒಂದು ಎಳೆಯ ಕ್ಷೇತ್ರಫಲ 0.656 ಚದರ ಮಿಲಿಮೀಟರ್. ಏಳು ಎಳೆಗಳಿಗೆ ಸುಮಾರು 4.6. ಮಾರುಕಟ್ಟೆಯಲ್ಲಿ 4.6ರ ತಂತಿ ಸಿಗುವುದಿಲ್ಲ. ಇರುವುದು ನಾಲ್ಕು ಅಥವಾ ಆರು. ವ್ಯವಹಾರದಲ್ಲಿ ‘ಏಳು ಇಪ್ಪತ್ತು ಎಂದರೆ ನಾಲ್ಕು’ ಎನ್ನುವ ರೂಢಿಯಿದೆ. ಆದರೆ ನಾಲ್ಕು 4.6ಕ್ಕಿಂತ ನೂರಕ್ಕೆ ಹದಿಮೂರರಷ್ಟು ಕಡಿಮೆ. ಹಳೆಯ ತಂತಿಯ ಮೇಲೆ ಭಾರ ಹಗುರವಾಗಿದ್ದರೆ ಈ ಕೊರತೆ ಬಾಧಿಸದು. ಹಳೆಯ ತಂತಿ ತನ್ನ ಮಿತಿಯ ಅಂಚಿನಲ್ಲಿಯೇ ದುಡಿಯುತ್ತಿದ್ದರೆ ಬಾಧಿಸುತ್ತದೆ. ಅಂಥ ಕಡೆ ಉಪಕರಣಗಳ ವಾಟುಗಳನ್ನು ಕೂಡಿ ನೋಡಬೇಕು. ಸಂಶಯ ಉಳಿದರೆ ಆರನ್ನೇ ಹಾಕಬೇಕು. ಪರಿವರ್ತಿಸಿದ ಉತ್ತರವು ಎರಡು ಅಳತೆಗಳ ನಡುವೆ ಬಿದ್ದಾಗ ಮೇಲಿನದಕ್ಕೆ ಹೋಗುವುದೇ ತಂತಿಯ ವಿಷಯದಲ್ಲಿ ಧರ್ಮ. ಅಂಕಗಣಿತದ ತರಗತಿಯಲ್ಲಿ ಹತ್ತಿರದ ಪೂರ್ಣಾಂಕಕ್ಕೆ ಸರಿಪಡಿಸುವ ಅಭ್ಯಾಸ ಇಲ್ಲಿಗೆ ಹೊಂದದು.

ಇದೇ ಜಾಡಿನಲ್ಲಿ ಇನ್ನೆರಡು ಗುಂಡಿಗಳಿವೆ. ಮೊದಲನೆಯದು ತರುಣ ಮೇಸ್ತ್ರಿಯ ‘ನಾಲ್ಕು ಎಂ.ಎಂ.’ ಎಂಬ ಮಾತಿನಲ್ಲಿಯೇ ಇದೆ. ಅವನು ಹೇಳಬೇಕಾದದ್ದು ನಾಲ್ಕು ಚದರ ಮಿಲಿಮೀಟರ್. ‘ಚದರ’ ಬಾಯಲ್ಲಿ ಬಿಟ್ಟುಹೋದರೂ ಕೇಳುವವರಿಗೆ ರೂಢಿಯಿಂದ ತಿಳಿಯುತ್ತದೆ; ಕಾಗದದ ಮೇಲೆ ಬಿಟ್ಟುಹೋದರೆ ಅನರ್ಥವಾಗುತ್ತದೆ. 2.5 ಮಿಲಿಮೀಟರ್ ವ್ಯಾಸದ ತಂತಿಯ ಕ್ಷೇತ್ರಫಲ 4.9 ಚದರ ಮಿಲಿಮೀಟರ್. 2.5 ಚದರ ಮಿಲಿಮೀಟರ್ ತಂತಿಯ ವ್ಯಾಸವಾದರೋ 1.78 ಮಿಲಿಮೀಟರ್ ಮಾತ್ರ. ಒಂದು ಪದ ಬಿಟ್ಟುದರಿಂದ ತಾಮ್ರ ಅರ್ಧವಾಗಿಹೋಯಿತು. ಎರಡನೆಯದು, ಕ್ಷೇತ್ರಫಲವನ್ನು ಉದ್ದದ ಗುಣಕದಿಂದ ಪರಿವರ್ತಿಸುವ ತಪ್ಪು. ಚೌಕಾಕಾರದ ಹೊಲದ ಬದಿ ಎರಡು ಪಟ್ಟಾದರೆ ಹೊಲ ನಾಲ್ಕು ಪಟ್ಟಾಗುತ್ತದೆಂದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಯೇ ಒಂದು ಚದರ ಅಂಗುಲವೆಂದರೆ 25.4 ಚದರ ಮಿಲಿಮೀಟರ್ ಅಲ್ಲ, 25.4ರ ವರ್ಗ, ಅಂದರೆ 645.16. ಹಳೆಯ ನಕ್ಷೆಯೊಂದರಲ್ಲಿ 0.01 ಚದರ ಅಂಗುಲದ ವಾಹಕವೆಂದು ಬರೆದಿದ್ದರೆ ಅದು 6.45 ಚದರ ಮಿಲಿಮೀಟರ್. 25.4ರಿಂದ ಗುಣಿಸಿ 0.254 ಎಂದು ಬರೆದುಕೊಂಡವನು ಹಗ್ಗದ ಜಾಗದಲ್ಲಿ ದಾರವನ್ನು ಕಟ್ಟಿದಂತಾಗುತ್ತದೆ.

ತಂತಿ ತಾಮ್ರದ್ದೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಅಲ್ಯೂಮಿನಿಯಮ್ ಹಗುರ, ಅಗ್ಗ. ಆದರೆ ಅದರ ವಾಹಕತೆ ತಾಮ್ರದ ನೂರಕ್ಕೆ 61ರಷ್ಟು. 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಮ್ ತಂತಿ ಮಾಡುವ ಕೆಲಸವನ್ನು 1.5ರ ತಾಮ್ರ ಮಾಡುತ್ತದೆ.

ಹೊದಿಕೆಯ ಮೇಲಿನ ಅಕ್ಷರಗಳು ಅಳಿಸಿಹೋದ ತಂತಿಯನ್ನು ಗುರುತಿಸುವ ಉಪಾಯ ಶಾಲೆಯ ಪ್ರಯೋಗಾಲಯದಲ್ಲಿಯೇ ಇದೆ. ವಿದ್ಯುತ್ ಸಂಪರ್ಕಕ್ಕೆ ಸೇರದ ತುಂಡೊಂದರ ಹೊದಿಕೆಯನ್ನು ಸುಲಿದು, ಎಳೆಗಳನ್ನು ಎಣಿಸಿ, ಒಂದು ಎಳೆಯನ್ನು ಸ್ಕ್ರೂ ಗೇಜಿನಲ್ಲಿ ಹಿಡಿದರೆ ವ್ಯಾಸವು ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗೆ ಸಿಗುತ್ತದೆ. ಇಲ್ಲಿ ಅವಸರ ಸಲ್ಲದು. ವ್ಯಾಸದಲ್ಲಿ ನೂರಕ್ಕೆ ಹತ್ತು ತಪ್ಪಿದರೆ ವರ್ಗ ಮಾಡುವಾಗ ಆ ತಪ್ಪು ನೂರಕ್ಕೆ ಇಪ್ಪತ್ತೊಂದಾಗಿ ಬೆಳೆಯುತ್ತದೆ. ಆದುದರಿಂದ ಎರಡು ಮೂರು ಕಡೆ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು.

ತಂತಿಗಳಲ್ಲೆಲ್ಲ ಒಂದು ಮಾತ್ರ ದಪ್ಪವಾಗಿರಬಾರದ ತಂತಿ. ಅದು ಫ್ಯೂಸಿನದು. ಪ್ರವಾಹ ಮಿತಿಮೀರಿದಾಗ ಗೋಡೆಯ ತಂತಿ ಬೇಯುವ ಮೊದಲು ತಾನು ಕರಗಿ ದಾರಿ ಕಡಿಯುವುದೇ ಅದರ ಕೆಲಸ. ಹೊಸ ಮನೆಗಳಲ್ಲಿ ಇದರ ಸ್ಥಾನಕ್ಕೆ ತಾನಾಗಿ ಬೀಳುವ ಸ್ವಿಚ್ಚುಗಳು ಬಂದಿವೆ. ಹಳೆಯ ಮನೆಗಳಲ್ಲಿ ಪಿಂಗಾಣಿಯ ಫ್ಯೂಸು ಇನ್ನೂ ಇದೆ. ಬ್ರಿಟಿಷ್ ಮಾನಕದಂತೆ 5 ಆಂಪಿಯರ್ ಫ್ಯೂಸಿಗೆ ತವರದ ಲೇಪವಿರುವ 0.20 ಮಿಲಿಮೀಟರ್ ವ್ಯಾಸದ ತಾಮ್ರದ ತಂತಿ, 15 ಆಂಪಿಯರಿಗೆ 0.50, 30 ಆಂಪಿಯರಿಗೆ 0.85. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು ಬೇಸತ್ತು, ಕೈಗೆ ಸಿಕ್ಕ ಏಳು ಇಪ್ಪತ್ತರ ತುಂಡಿನಿಂದ ಒಂದೇ ಒಂದು ಎಳೆಯನ್ನು ಬಿಡಿಸಿ ಕಟ್ಟುವವರಿದ್ದಾರೆ. ಏಳರಲ್ಲಿ ಒಂದೇ ಎಳೆಯಲ್ಲವೇ, ತೆಳುವಾಗಿಯೇ ಇದೆ ಎಂದು ಅವರಿಗೆ ತೋರುತ್ತದೆ. ಆ ಎಳೆಯ ವ್ಯಾಸ 0.914 ಮಿಲಿಮೀಟರ್. 30 ಆಂಪಿಯರ್ ಫ್ಯೂಸಿನ ತಂತಿಗಿಂತಲೂ ಅದು ದಪ್ಪ. 5 ಆಂಪಿಯರ್ ಫ್ಯೂಸಿನಲ್ಲಿರಬೇಕಾದ ತಾಮ್ರದ ಇಪ್ಪತ್ತು ಪಟ್ಟಿಗೂ ಹೆಚ್ಚು ತಾಮ್ರ ಅದರಲ್ಲಿದೆ. ಅದನ್ನು ಕಟ್ಟಿದ ಮೇಲೆ ಆ ಮನೆಯಲ್ಲಿ ಫ್ಯೂಸು ಹೋಗುವುದು ನಿಲ್ಲುತ್ತದೆ. ಮೊದಲು ಕರಗುವ ಸರದಿ ದೀಪಕ್ಕೆಂದು ಗೋಡೆಯೊಳಗೆ ಎಳೆದ 1/18ರ ಹೊದಿಕೆಗೆ ಬರುತ್ತದೆ.